ಮೂರು ಸೆಕೆಂಡಿನ ಮೈಕ್

ಶಕ್ತಿನಗರ, ಮಂಗಳೂರು
೧೩ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಸ್ಮೃತಿ,

ಮೊದಲು ಸಲಾಂ, ಆಮೇಲೆ ನಮಸ್ಕಾರ, ಆಮೇಲೆ ನಿನ್ನ ಎರಡೂ ಕೆನ್ನೆಗೆ ಒಂದೊಂದು ಮುತ್ತು. ಈಗ ಬೈಯುವಷ್ಟು ಬೈದುಬಿಡು. ಮದುವೆಯಾಗಿ ಇವತ್ತಿಗೆ ಎಪ್ಪತ್ತನಾಲ್ಕು ದಿನ. ಮದರಂಗಿಯ ದಿನ ನನ್ನ ಎರಡೂ ಕೈ ಕಟ್ಟಿಹಾಕಿದ ಹಾಗಿದ್ದಾಗ ಬಾಯಿಗೆ ತುತ್ತು ಕೊಟ್ಟವಳು ನೀನು. ಅಂಥವಳಿಗೆ ನನ್ನಿಂದ ಒಂದು ಫೋನ್ ಇಲ್ಲ, ಮೆಸೇಜಿಗೆ ಉತ್ತರ ಇಲ್ಲ. ನೀನು ಕಳಿಸಿದ ಮೈಸೂರು ಪಾಕಿನ ಡಬ್ಬಿ ಎರಡೇ ದಿನದಲ್ಲಿ ಖಾಲಿಯಾಗಿ, ಈಗ ಅದರಲ್ಲಿ ನನ್ನ ಅತ್ತೆ ಏಲಕ್ಕಿ ಹಾಕಿಟ್ಟಿದ್ದಾರೆ. ಚೆನ್ನಾಗಿತ್ತು ಎಂದು ಹೇಳುವಷ್ಟೂ ಪುರುಸೊತ್ತಾಗಲಿಲ್ಲ ನನಗೆ. ಕ್ಷಮಿಸು, ಕ್ಷಮಿಸು, ಕ್ಷಮಿಸು.

ಶೈಮಾ ಕಾಗದದ ಮೇಲೆ, ಅದೂ ಕನ್ನಡದಲ್ಲಿ ಬರೆದಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಿರಬಹುದು. ಕಾರಣ ಎರಡು. ನನ್ನ ಫೋನ್ ಹೆಚ್ಚು ಹೊತ್ತು ನನ್ನ ಗಂಡ ಹಿಶಾಮ್‌ನ ಕೈಯಲ್ಲಿ ಇರುತ್ತದೆ, ನೀನು ಕಳಿಸುವ ಉತ್ತರ ಅವನ ಕಣ್ಣಿಗೆ ಬೀಳುವುದು ನನಗೆ ಬೇಡ. ಎರಡನೆಯದು, ನಮ್ಮಿಬ್ಬರ ಶಾಲೆಯ ಇಂಗ್ಲಿಷ್ ಈಗ ಕಣ್ಣಿಗೆ ಬಿದ್ದರೆ ಮುಖ ತಿರುಗಿಸುತ್ತೇನೆ. ಹತ್ತನೆಯ ಕ್ಲಾಸಿನಲ್ಲಿ ನಿನ್ನ ಅಮ್ಮ ರಮಾದೇವಿ ಆಂಟಿ ನಮ್ಮಿಬ್ಬರನ್ನೂ ನಿಮ್ಮ ಮನೆಯ ಜಗಲಿಯಲ್ಲಿ ಕೂರಿಸಿ ಕನ್ನಡ ಬರೆಸಿದ್ದು ಇಷ್ಟು ವರ್ಷಗಳ ನಂತರ ಉಪಯೋಗಕ್ಕೆ ಬಂತು ಎಂದು ಅವರಿಗೆ ಹೇಳು. ನಿನ್ನ ಅಣ್ಣ ವಿಶ್ವೇಶ ನಾಳೆ ಮೈಸೂರಿಗೆ ಹೊರಟಿದ್ದಾನಂತೆ. ಅವನ ಕೈಯಲ್ಲಿ ಈ ಲಕೋಟೆ ಕೊಡುತ್ತೇನೆ.

ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ನಾನು ಸೀರೆ, ಬಿರಿಯಾನಿ ಎಂದು ಹತ್ತು ಪುಟ ತುಂಬಿಸುತ್ತೇನೆ. ಹಿಶಾಮ್ ಮಾತು ನಿಲ್ಲಿಸಿದ್ದಾನೆ. ಐದು ದಿನವಾಯಿತು. ನನ್ನೊಂದಿಗೆ ಮಾತ್ರ ಅಲ್ಲ, ಯಾರೊಂದಿಗೂ ಇಲ್ಲ. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ತನ್ನ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ, ಎಲ್ಲರ ಎದುರು, ಒಂದು ಮೊಬೈಲ್ ಆ್ಯಪ್‌ಗೆ ಇಂಗ್ಲಿಷ್ ಓದಿ ಒಪ್ಪಿಸಬೇಕು. ಒಪ್ಪಿಸದಿದ್ದರೆ ಅವನಿಂದ ತರಗತಿ ಕಿತ್ತುಕೊಳ್ಳುತ್ತಾರೆ. ನೀನು ಸ್ಪೀಚ್ ಥೆರಪಿಸ್ಟ್. ದಿನಾ ಇಂಥವರನ್ನು ನೋಡುವವಳು. ನನಗೆ ಗೊತ್ತಿರುವವರಲ್ಲಿ ನೀನೊಬ್ಬಳೇ. ಅದಕ್ಕೆ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ, ಸಹನೆಯಿಂದ ಓದು.

ಹಿಶಾಮ್ ಸುರತ್ಕಲ್ ಕಡೆಯ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಮೋಟರ್ ರಿಪೇರಿ ಕಲಿಸುತ್ತಾನೆ ಎಂದು ನಿನಗೆ ಗೊತ್ತಲ್ಲ. (ಅತ್ತೆಯ ಎದುರು ‘ಅವರು’, ನಿನ್ನ ಹತ್ತಿರ ‘ಅವನು’. ನಗಬೇಡ.) ಸುಟ್ಟುಹೋದ ಮೋಟರಿನ ತಂತಿ ಬಿಚ್ಚಿ ಹೊಸದಾಗಿ ಸುತ್ತುವುದನ್ನು ಅವನು ಹೇಳಿಕೊಡುವುದನ್ನು ನಾನೊಮ್ಮೆ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಒಂದು ಮಾತು ಇಂಗ್ಲಿಷ್, ಅರ್ಧ ತುಳು, ಮತ್ತೆ ಕನ್ನಡ, ನಡುವೆ ಕೈಯಲ್ಲೇ ಒಂದು ಸುತ್ತು. ಹುಡುಗರು ಕಣ್ಣು ಮಿಟುಕಿಸದೆ ಕೂತಿದ್ದರು. ನಿಶ್ಚಯವಾದ ಮೇಲೆ ಫೋನಿನಲ್ಲೂ ನನ್ನೊಂದಿಗೆ ಹಾಗೆಯೇ ಮಾತಾಡುತ್ತಿದ್ದ, ಒಂದು ವಾಕ್ಯಕ್ಕೆ ನಾಲ್ಕು ಭಾಷೆ. ಎಂಥ ಸ್ಟೈಲ್ ಮಾರಾಯ್ತಿ ಎಂದು ನಾನು ನಿನಗೇ ಹೇಳಿ ಕುಣಿದಿದ್ದೆ.

ಅಕ್ಟೋಬರ್ ಮೊದಲ ವಾರ ಕಾಲೇಜಿನಿಂದ ಒಂದು ಸುತ್ತೋಲೆ ಬಂತು. ಆಡಳಿತದವರು ಇಂಗ್ಲಿಷ್ ಉಚ್ಚಾರಣೆ ಕಲಿಸುವ ಒಂದು ಆ್ಯಪ್ ಖರೀದಿಸಿದ್ದಾರಂತೆ. ಕಲಿಸುವವರೆಲ್ಲ ದಿನಾ ಅದರಲ್ಲಿ ಓದಬೇಕು, ವಾರಕ್ಕೊಮ್ಮೆ ಅಂಕದ ಚಿತ್ರ ಕಳಿಸಬೇಕು, ನವೆಂಬರ್ ಮಧ್ಯದೊಳಗೆ ನೂರಕ್ಕೆ ಎಂಬತ್ತು ಬರಬೇಕು. ಬಾರದವರು ಪಾಠ ಬಿಟ್ಟು ಸ್ಟೋರ್ ರೂಮಿನಲ್ಲಿ ಸ್ಪ್ಯಾನರ್ ಹಂಚುತ್ತ ಕೂರಬೇಕು. ಹಿಶಾಮ್ ಸುತ್ತೋಲೆ ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡ. ನಾನು? ನಾನು ಚಪ್ಪಾಳೆ ತಟ್ಟಿದೆ! ಬಂದ ಮನೆಯಲ್ಲಿ ನನಗೆ ಮೀನು ಕ್ಲೀನ್ ಮಾಡಲಿಕ್ಕೆ ಬರುವುದಿಲ್ಲ, ಅಕ್ಕಿ ರೊಟ್ಟಿ ನನ್ನ ಕೈಯಲ್ಲಿ ಭೂಪಟದ ಹಾಗೆ ಬರುತ್ತದೆ. ಇಂಗ್ಲಿಷ್ ಒಂದು ಬರುತ್ತದೆ. “ನಾನು ಉಂಟಲ್ಲ, ನೀನು ಎಂತಕ್ಕೆ ಹೆದರುವುದು? ಒಂದು ತಿಂಗಳಲ್ಲಿ ತೊಂಬತ್ತು ತೆಗೆಸ್ತೇನೆ” ಎಂದೆ. ಅವನು ನಕ್ಕ. ಆ ನಗು ಈಗ ನೆನಪಾದರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸುತ್ತದೆ.

ಆ್ಯಪ್‌ನಲ್ಲಿ ಒಂದು ವಾಕ್ಯ ಕಾಣಿಸುತ್ತದೆ. ಒಂದು ಹೆಣ್ಣುದನಿ ಅದನ್ನು ಓದುತ್ತದೆ. ಆಮೇಲೆ ಮೈಕಿನ ಗುರುತು ಹಸಿರಾಗುತ್ತದೆ, ನಾವು ಓದಬೇಕು. ಸರಿಯಾದ ಪದ ಹಸಿರು, ತಪ್ಪಿದ್ದು ಕೆಂಪು. ಮೂರು ಸೆಕೆಂಡು ಏನೂ ಕೇಳಿಸದಿದ್ದರೆ ಮೈಕ್ ತಾನೇ ಮುಚ್ಚಿಕೊಂಡು ‘ನಿಮ್ಮ ದನಿ ಕೇಳಿಸಲಿಲ್ಲ’ ಎನ್ನುತ್ತದೆ. ಬೆಳಿಗ್ಗೆ ಚಾ ಕುಡಿದು ನಾವಿಬ್ಬರೂ ತಾರಸಿಗೆ ಹೋಗುತ್ತಿದ್ದೆವು. ಮೊದಲ ದಿನವೇ ಐದು ಸಲ ‘ಕೇಳಿಸಲಿಲ್ಲ’ ಬಂತು. ಅವನ ಫೋನಿನ ಮೈಕ್ ಹಾಳಾಗಿದೆ ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಆ್ಯಪನ್ನು ನನ್ನ ಫೋನಿಗೆ ಹಾಕಿದೆವು. ನನ್ನ ಮೈಕೂ ಹಾಳಾಗಿತ್ತು!

ಒಂದು ವಾಕ್ಯ ನನಗೆ ಬಾಯಿಪಾಠವಾಗಿದೆ. ‘ಬಿಫೋರ್ ಬ್ರೇಕ್‌ಫಾಸ್ಟ್, ಬಿಲ್ ಬಾಟ್ ಎ ಬ್ಲೂ ಬೈಕ್.’ ಹಿಶಾಮ್ ಅದನ್ನು ನೋಡಿದ, ಉಸಿರೆಳೆದ, ಒಂದೇ ಸಲಕ್ಕೆ ಹೇಳಿದ: “ಇನ್ ದ ಮಾರ್ನಿಂಗ್, ಒನ್ ಮ್ಯಾನ್ ಟುಕ್ ಎ ಸೈಕಲ್.” ಇಡೀ ಸಾಲು ಕೆಂಪು. ನಾನು ನಕ್ಕೂ ನಕ್ಕೂ ನೆಲದಲ್ಲಿ ಕೂತೆ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ ಸ್ಮೃತಿ. ಕೆಳಗಿನಿಂದ ಅತ್ತೆ ಝುಬೈದಾ, ನಾನು ಮಾಮಿ ಎಂದು ಕರೆಯುವುದು, ಕೂಗಿ ಕೇಳಿದರು: “ಎಂತ ಅದು? ಆ ಫೋನಿನ ಹುಡುಗಿ ಈಗಲೂ ನನ್ನ ಮಗನನ್ನು ರಾಂಗ್ ರಾಂಗ್ ಹೇಳ್ತದಾ? ಅದಕ್ಕೆ ಅಪ್ಪ ಅಮ್ಮ ಮರ್ಯಾದೆ ಕಲಿಸಲಿಲ್ವಾ?”

ಎರಡು ವಾರವಾದರೂ ಅಂಕ ನಲವತ್ತರ ಮೇಲೆ ಹೋಗಲಿಲ್ಲ. ನನಗೆ ಹಟ ಬಂತು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ದಿನದ ಅಂಕ ಬರೆಯತೊಡಗಿದೆ, ಮಾವ ಸಮದ್, ನಾದಿನಿ ಶಾಝಿಯಾ, ಹಾಲು ಕೊಡುವವರು, ಎಲ್ಲರಿಗೂ ಕಾಣುವ ಹಾಗೆ. “ನಿನಗೆ ಮನಸ್ಸಿಲ್ಲ, ಅಷ್ಟೇ” ಎಂದೆ. “ಬಾಯಿ ತೆರೆದು ಸುಮ್ಮನೆ ನಿಲ್ತೀಯಲ್ಲ, ಅದು ಎಂತ ಆ್ಯಕ್ಟಿಂಗ್?” ಎಂದೆ. ಅವನು “ಇನ್ನೊಂದು ಸಲ” ಎನ್ನುತ್ತಿದ್ದ. ಎಷ್ಟು ಬೈದರೂ ಇನ್ನೊಂದು ಸಲ, ಇನ್ನೊಂದು ಸಲ.

ಒಂದು ಬೆಳಿಗ್ಗೆ ಬಟ್ಟೆ ಒಣಗಿಸುವಾಗ ಶಾಝಿಯಾ ಹತ್ತಿರ ಬಂದಳು. ಅವಳು ಅಣ್ಣನನ್ನು ಕಾಕ ಎನ್ನುತ್ತಾಳೆ.

“ಬಾಬಿ, ಕಾಕನಿಗೆ ಅದು ಓದಿಸ್ಬೇಡಿ.”

“ಯಾಕೆ? ಕಲಿಯುವುದು ಬೇಡ್ವಾ?”

“ಕಲಿಯದ್ದು ಅಲ್ಲ. ಅವನಿಗೆ ಎಲ್ಲ ಗೊತ್ತುಂಟು. ಕೆಲವು ಮಾತು ಗಂಟಲಲ್ಲಿ ನಿಲ್ತದೆ. ಸಣ್ಣ ಇರುವಾಗಿಂದಲೇ. ಅದು ನಿಂತ ಕೂಡಲೇ ಅವ ಬೇರೆ ಮಾತು ಹಾಕಿಕೊಳ್ತಾನೆ, ಇಲ್ಲದಿದ್ರೆ ಬೇರೆ ಭಾಷೆ. ನಿಮಗೆ ಗೊತ್ತಾಗ್ಲಿಲ್ವಾ?”

ನನ್ನ ಕೈಯಲ್ಲಿ ಅವನ ಒದ್ದೆ ಅಂಗಿ ಇತ್ತು. ಹಿಂಡುತ್ತ ಹಿಂಡುತ್ತ ನಿಂತೆ. ಫೋನಿನಲ್ಲಿ ನಾಲ್ಕು ಭಾಷೆ. ಒನ್ ಮ್ಯಾನ್, ಸೈಕಲ್. ಆ ತಡೆಯಿಂದ ತಪ್ಪಿಸಿಕೊಳ್ಳಲು ಒಬ್ಬ ಮನುಷ್ಯ ಇಷ್ಟು ವರ್ಷ ಎಷ್ಟು ಚುರುಕಾಗಿ ಓಡಾಡಿದ್ದಾನೆ! ಇದ್ದ ಎಲ್ಲ ಬಾಗಿಲನ್ನೂ ಮುಚ್ಚಿ, ಬರೆದಿದ್ದನ್ನೇ ಹೇಳು, ಮೂರು ಸೆಕೆಂಡಿನೊಳಗೆ ಹೇಳು ಎಂದು ನಾನು ಮೈಕ್ ಹಿಡಿದು ನಿಂತಿದ್ದೆ. ನಿಕಾಹ್‌ನಲ್ಲೂ ಹೀಗೇ ಆಗಿತ್ತಂತೆ. ಗಂಡಸರ ಸಭೆ, ನಾನು ಒಳಗಿದ್ದೆ, ನನಗೇನು ಗೊತ್ತು? ಒಪ್ಪಿದೆ ಎಂಬ ಅರಬಿ ಮಾತನ್ನು ಉಸ್ತಾದರು ಮೂರು ಸಲ ಹೇಳಿಕೊಟ್ಟರೂ ವರನ ಬಾಯಿಂದ ಬರಲಿಲ್ಲ, ಜನ ನಕ್ಕರು, ಮದುಮಗನಿಗೆ ನಾಚಿಕೆ ಎಂದರು ಎಂದು ಹೆಣ್ಣಿನ ತಂದೆ ನನ್ನ ಉಪ್ಪ ಆ ದಿನ ಮನೆಗೆ ಬಂದು ಖುಷಿಯಿಂದ ಹೇಳಿದ್ದರು. ಈ ಮನೆಯಲ್ಲಿ ಅದಕ್ಕೆ ಹೆಸರೇ ಇಲ್ಲ. ಅವನ ಮಾತು ನಿಂತಾಗ ಮಾಮಿ ಪಾತ್ರೆ ಎತ್ತಿಡುತ್ತಾರೆ, ಮಾವ ಪೇಪರ್ ಮಡಚುತ್ತಾರೆ, ಅಷ್ಟೇ. ಅದನ್ನು ನಾನು ಅವರ ಅಭ್ಯಾಸ ಎಂದುಕೊಂಡಿದ್ದೆ.

ಆ ಸಂಜೆಯೇ ಫ್ರಿಜ್ಜಿನ ಹಾಳೆ ಹರಿದು ಹಾಕಿದೆ. ಅವನು ಅದನ್ನು ನೋಡಿದ. ಶಾಝಿಯಾ ಹೇಳಿದಳಾ ಎಂದು ಕೇಳಲಿಲ್ಲ. “ನಿ-ನಿಲ್ಲಿಸ್ಬೇಡ” ಎಂದ. ಮೊದಲ ಸಲ ನನ್ನ ಎದುರು ಮರೆಮಾಡದೆ ಹೇಳಿದ ಮಾತು ಅದು. ನಾನು ಅವನ ಕುತ್ತಿಗೆಗೆ ಜೋತುಬಿದ್ದು ಅತ್ತುಬಿಟ್ಟೆ. ಕಾಲೇಜಿನವರಿಗೆ ಹೇಳು, ಇದು ಯಾರ ತಪ್ಪೂ ಅಲ್ಲ ಎಂದೆ. ಅವನು ಬೇಡ ಎಂದು ತಲೆಯಾಡಿಸಿದ. “ಹೇಳಿದ್ರೆ ಮೇಷ್ಟ್ರು ಅಂತ ಇಟ್ಕೊಳ್ತಾರಾ? ಇಷ್ಟು ವರ್ಷ ಎಂತ ಮಾಡಿದೆ ಅಂತ ಕೇಳ್ತಾರೆ.”

ಆಮೇಲಿನ ಹತ್ತು ದಿನ ನಾವು ಮಾಡದ ಸರ್ಕಸ್ಸಿಲ್ಲ. ಅವನು ಕುರ್‌ಆನ್ ರಾಗವಾಗಿ ಓದುವಾಗ ಒಂದು ಕಡೆಯೂ ತಡೆಯುವುದಿಲ್ಲ, ನೀರು ಹರಿದ ಹಾಗೆ. ಹಾಗಾದರೆ ಇಂಗ್ಲಿಷನ್ನೂ ರಾಗದಲ್ಲಿ ಓದು ಎಂದೆ. ಬಿಲ್ಲನ ನೀಲಿ ಬೈಕನ್ನು ಅವನು ಹಾಡಿದ, ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು, ಆ್ಯಪ್ ಹನ್ನೆರಡು ಕೊಟ್ಟಿತು. ಇನ್ನೊಂದು ಸಂಗತಿ ಕಂಡುಹಿಡಿದೆವು. ನಾನು ಅವನ ಜೊತೆಜೊತೆಗೇ ಓದಿದರೆ ಅವನಿಗೆ ತಡೆಯೇ ಇಲ್ಲ! ನನ್ನದು ಬರೀ ಪಿಸುಮಾತಾದರೂ ಸಾಕು. ಒಂದು ದಿನ ಹಾಗೆ ಎಂಬತ್ತೆಂಟು ಬಂತು. ಇಬ್ಬರೂ ತಾರಸಿಯಲ್ಲಿ ಕುಣಿದೆವು. ಮಾರನೆಯ ದಿನ ನಾನು ಬಾಯಿ ಮುಚ್ಚಿ ನಿಂತೆ. ಮೈಕ್ ಹಸಿರಾಯಿತು. ಅವನ ತುಟಿ ಸೇರಿತು, ಕುತ್ತಿಗೆಯ ನರ ಎದ್ದಿತು, ಕಣ್ಣು ಮುಚ್ಚಿತು. ಒಂದು, ಎರಡು, ಮೂರು. ‘ನಿಮ್ಮ ದನಿ ಕೇಳಿಸಲಿಲ್ಲ.’

ಅವನ ಸಹೋದ್ಯೋಗಿ ಶೆರ್ವಿನ್ ಮೊದಲ ವಾರವೇ ತೊಂಬತ್ತೊಂದು ತೆಗೆದವರು. ಒಂದು ಸಂಜೆ ಮನೆಗೆ ಬಂದು, “ಕೊಡು ಮಾರಾಯ, ನಾನು ಓದಿ ಕೊಡ್ತೇನೆ. ಆ್ಯಪ್‌ಗೆ ಮುಖ ಕಾಣ್ತದಾ?” ಎಂದರು. ಹಿಶಾಮ್ ಒಪ್ಪಲಿಲ್ಲ. ಒಪ್ಪು ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ. “ಹುಡುಗರಿಗೆ ಕಾಪಿ ಹೊಡೀಬೇಡಿ ಹೇಳುವವ ನಾನು” ಎಂದ. ಆದರೆ ಉಳಿದವರು ಒಪ್ಪಿದ್ದರು. ಒಬ್ಬ ಮೇಷ್ಟ್ರು ಯುಕೆಜಿಯ ಮಗಳ ಕೈಯಲ್ಲಿ ಓದಿಸಿ ತೊಂಬತ್ತಾರು ತೆಗೆದಿದ್ದರಂತೆ! ಅದು ಹೇಗೋ ಆಡಳಿತದವರ ಕಿವಿಗೆ ಬಿತ್ತು. ಹೋದ ಶುಕ್ರವಾರ ಎರಡನೇ ಸುತ್ತೋಲೆ ಬಂತು. ಮನೆಯ ಅಂಕ ಯಾವುದೂ ಲೆಕ್ಕಕ್ಕಿಲ್ಲ. ಹದಿನೇಳನೇ ತಾರೀಕು ಎಲ್ಲರೂ ಸೆಮಿನಾರ್ ಹಾಲಿಗೆ ಬಂದು, ಒಬ್ಬೊಬ್ಬರಾಗಿ ಹತ್ತು ವಾಕ್ಯ ಓದಬೇಕು. ಕೆಂಪು ಹಸಿರು ಎಲ್ಲ ದೊಡ್ಡ ಪರದೆಯ ಮೇಲೆ.

ಶನಿವಾರ ಸಂಜೆ ಅದೇ ವಿಷಯಕ್ಕೆ ನಮ್ಮಿಬ್ಬರಿಗೆ ಸ್ವಲ್ಪ ಮಾತಿಗೆ ಮಾತು ಬಂತು. ಅದನ್ನು ಬಿಡು. ಭಾನುವಾರ ಬೆಳಿಗ್ಗೆಯಿಂದ ಅವನು ಮಾತಾಡಲಿಲ್ಲ. ಗಂಟಲು ನೋವು ಎಂದು ಕಾಲೇಜಿಗೆ ಮೆಸೇಜ್ ಕಳಿಸಿ ರಜೆ ಹಾಕಿದ. ಮಾಮಿ ನಂಬಿದರು ಅಥವಾ ನಂಬಿದ ಹಾಗೆ ಮಾಡಿದರು. ಶುಂಠಿ ಕರಿಮೆಣಸಿನ ಕಷಾಯ ದಿನಕ್ಕೆ ಮೂರು ಲೋಟ. ನಿನ್ನೆ ಫಳ್ನೀರಿನಲ್ಲಿರುವ ಗಂಟಲ ಡಾಕ್ಟರೊಬ್ಬರ ಹತ್ತಿರ ಎಳೆದುಕೊಂಡು ಹೋದರು, ನಾನೂ ಹೋದೆ. ಎಂತ ತೊಂದರೆ ಎಂದು ಡಾಕ್ಟರು ಅವನನ್ನು ಕೇಳಿದರು. ಮಾಮಿ ಹೇಳಿದರು. ಎಷ್ಟು ದಿನದಿಂದ ಎಂದು ಅವನನ್ನೇ ಕೇಳಿದರು. ಮಾಮಿಯೇ ಹೇಳಿದರು. ಟಾರ್ಚ್ ಹಾಕಿ ನೋಡಿ, ಗಂಟಲು ಚೆನ್ನಾಗಿದೆಯಲ್ಲ ಎಂದು ಬಾಯಿ ಮುಕ್ಕಳಿಸುವ ಔಷಧ ಬರೆದುಕೊಟ್ಟರು. ಹೊರಗೆ ಬಂದು ಮೆಟ್ಟಿಲಿನ ಮೇಲೆ ಮಾಮಿ ನನ್ನ ಕೈ ಹಿಡಿದರು. “ಮೋಳೆ, ಮಗಳೇ, ನೀನು ಮಾತಾಡುವವಳು ಅಂತಲೇ ಅಲ್ವಾ ನಿನ್ನನ್ನು ತಂದದ್ದು. ನಿನ್ನ ಹತ್ತಿರ ಅವ ನಗ್ತಾನೆ. ಎಂತಾದ್ರೂ ಮಾಡು.”

ಬೆಳಿಗ್ಗೆ ನಾನು ಏಳುವ ಮೊದಲೇ ಅವನು ನನ್ನ ಫೋನ್ ತೆಗೆದುಕೊಂಡು ತಾರಸಿಗೆ ಹೋಗುತ್ತಾನೆ. ಮೆಟ್ಟಿಲಲ್ಲಿ ಕೂತು ಕೇಳುತ್ತೇನೆ. ಆ ಹೆಣ್ಣುದನಿ ಓದುತ್ತದೆ. ಆಮೇಲೆ ಮೌನ. ಆಮೇಲೆ ‘ಕೇಳಿಸಲಿಲ್ಲ’. ಮತ್ತೆ ಅದೇ ವಾಕ್ಯ. ಒಂದು ಗಂಟೆ, ಒಂದೂವರೆ ಗಂಟೆ. ನಾನು ಮೇಲೆ ಹತ್ತಿದರೆ ಫೋನ್ ನಿಲ್ಲಿಸಿ ನನ್ನ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದು ಕೆಳಗೆ ಇಳಿಯುತ್ತಾನೆ. ಎಷ್ಟು ಸೌಜನ್ಯದಿಂದ ಎಂದರೆ, ಕಪಾಳಕ್ಕೆ ಹೊಡೆದಿದ್ದರೆ ಒಳ್ಳೆಯದಿತ್ತು. ಅವನ ಮೇಜಿನ ಮೇಲೆ ರಾಜೀನಾಮೆಯ ಒಂದು ಕರಡು ಇದೆ. ದಿನಾಂಕ ಮಾತ್ರ ಖಾಲಿ. ತಾನು ಕಲಿಸುವುದನ್ನು ಬಿಟ್ಟರೆ ಅವನು ಯಾರಾಗಿ ಉಳಿಯುತ್ತಾನೆ ಎಂದು ಯೋಚಿಸಲೂ ನನಗೆ ಧೈರ್ಯವಿಲ್ಲ. ಹುಡುಗರ ಎದುರು ನಿಂತಾಗಷ್ಟೇ ಅವನು ನೆಟ್ಟಗೆ ನಿಲ್ಲುವುದು.

ಈಗ ನೀನು ಮಾಡಬೇಕಾದ್ದು. ನಿನ್ನ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಕಾಲೇಜಿಗೆ ಒಂದು ಪತ್ರ ಬರೆದುಕೊಡಲು ಆಗುತ್ತದಾ? ಈ ಮನುಷ್ಯನ ಉಚ್ಚಾರಣೆಯಲ್ಲಿ ತಪ್ಪಿಲ್ಲ, ಮಾತು ಹೊರಡಲು ಸಮಯ ಬೇಕು, ಮೂರು ಸೆಕೆಂಡಿನ ಮೈಕ್ ಅವನನ್ನು ಅಳೆಯಲಾರದು ಎಂದು. ಪರೀಕ್ಷೆ ಮಾಡದೆ ಬರೆಯಲಾರೆ ಎನ್ನುತ್ತೀ, ಗೊತ್ತು. ಹಾಗಾದರೆ ಶನಿವಾರ ರಾತ್ರಿಯ ಬಸ್ಸು ಹತ್ತಿ ಬಾ. ಭಾನುವಾರ ಇಡೀ ದಿನ ನಿನ್ನದು. ಅದೂ ಆಗದಿದ್ದರೆ, ಸೋಮವಾರ ನಾನು ಅವನ ಪಕ್ಕ ನಿಂತು ಜೊತೆಗೆ ಓದಬಹುದಾ, ಅದಕ್ಕೆ ಅನುಮತಿ ಕೇಳುವುದು ಹೇಗೆ, ಅದನ್ನಾದರೂ ಹೇಳು. ಅವನು ನನ್ನನ್ನು ಪಕ್ಕದಲ್ಲಿ ನಿಲ್ಲಲು ಬಿಡುತ್ತಾನಾ, ಅದು ಬೇರೆ ಮಾತು. ಅವನಿಗೆ ಗೊತ್ತಾಗದ ಹಾಗೆ ಮಾಮಿಯ ಫೋನಿಗೆ ಕರೆ ಮಾಡು. ನಂಬರ್ ಲಕೋಟೆಯ ಒಳಗೆ ಬರೆದಿದ್ದೇನೆ.

ವಿಶ್ವೇಶ ಬರುವ ಹೊತ್ತಾಯಿತು. ನಿನ್ನ ಅಪ್ಪ ಚಕ್ರಪಾಣಿ ಅಂಕಲ್‌ಗೆ ನನ್ನ ನಮಸ್ಕಾರ. ಸೋಮವಾರದ ಬೆಳಗಿನ ಪೂಜೆಯಲ್ಲಿ ಹಿಶಾಮ್‌ನ ಹೆಸರು ಒಮ್ಮೆ ಹೇಳಲು ಅವರಲ್ಲಿ ಕೇಳು. ನಾನು ಐದು ಹೊತ್ತಿನ ನಮಾಜಿನಲ್ಲೂ ಅದನ್ನೇ ಕೇಳುತ್ತಿದ್ದೇನೆ, ಎರಡು ಕಡೆಯಿಂದ ಹೋದರೆ ಬೇಗ ಮುಟ್ಟಬಹುದು. ನೀನು ಚೆನ್ನಾಗಿರು. ನಿನ್ನ ಬಾಗಿಲಿಗೆ ಬರುವ ಪ್ರತಿಯೊಬ್ಬರಿಗೂ ಮಾತು ಸಿಗಲಿ. ನಿನ್ನ ಮದುವೆಗೆ ನಾನು ನಗುತ್ತ ಬರುವ ಹಾಗಾಗಲಿ.

ನಿನ್ನ,
ಶೈಮಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನೀನು ಬಂದರೆ ಅವನ ಹತ್ತಿರ ಎಲ್ಲಿಂದ ಶುರುಮಾಡಬೇಕು ಎಂದು ನಿನಗೆ ಗೊತ್ತಿರಬೇಕಲ್ಲ, ಅದಕ್ಕೆ ಬರೆಯುತ್ತೇನೆ. ಅವನ ಬಾಯಿ ಮುಚ್ಚಿಸಿದ್ದು ಆ್ಯಪ್ ಅಲ್ಲ. ಶನಿವಾರ ಸಂಜೆ ಸ್ಟೋರ್ ರೂಮು, ಜನರ ನಗು, ನನ್ನ ಅಕ್ಕಂದಿರು ಕೇಳುವ ಪ್ರಶ್ನೆ, ಎಲ್ಲ ಒಟ್ಟಿಗೆ ತಲೆಗೆ ಬಂದು ನಾನು ಕಿರುಚಿದೆ: “ಮದುವೆಗೆ ಮುಂಚೆ ಒಂದು ಮಾತು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ ನಿನಗೆ? ಗೊತ್ತಿದ್ದಿದ್ರೆ ನಾನು...” ಅಲ್ಲಿಗೆ ನಿಂತೆ. ಅವನು ಕಾದ. ನನ್ನ ಮುಖ ನೋಡುತ್ತ, ಅವಸರ ಮಾಡದೆ, ತುಂಬ ಹೊತ್ತು ಕಾದ. ನನಗೆ ಮುಂದಿನದು ಹೇಳಲಾಗಲಿಲ್ಲ. ಕೊನೆಗೆ ಅವನೇ ಹೇಳಿದ, ಒಂದು ಅಕ್ಷರವೂ ತಡೆಯದೆ: “ಗೊತ್ತಿದ್ದಿದ್ರೆ ನೀನು ಒಪ್ತಿರ್ಲಿಲ್ಲ.” ನಾನು ಹೇಳಲು ಹೊರಟದ್ದು ಬೇರೆ ಏನೋ ಎಂದು ಐದು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಿನಗೆ ಸುಳ್ಳು ಬರೆಯಲಾರೆ ಸ್ಮೃತಿ. ಅದನ್ನೇ ಹೇಳಲು ಹೊರಟಿದ್ದೆ.